ಹ್ಯೂರಾನ್ ರೂಲ್‌ಗಳನ್ನು ಕೋಬಾಲ್‌ಗೆ ತಂದಾಗ: ನನ್ನ ಅನುಭವ

ಮೇನ್‌ಫ್ರೇಮ್ (ಬ್ಯಾಂಕು, ವಿಮಾ ಕಂಪನಿಗಳ ದೊಡ್ಡ ಕಂಪ್ಯೂಟರ್) ಅಂದರೆ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ, ಪ್ರೋಗ್ರಾಂಗಳನ್ನು ಓಡಿಸಲು ಬರೆಯುವ ಜೆಸಿಎಲ್ ಅಷ್ಟೇ ಎಂದುಕೊಂಡಿದ್ದೆ. 2008ರಲ್ಲಿ ಬೆಂಗಳೂರಿನಲ್ಲಿ ಒಂದು ವಿಮಾ ಪ್ರಾಜೆಕ್ಟ್‌ಗೆ ಸೇರಿದಾಗ ಮೊದಲ ಸಲ ಹ್ಯೂರಾನ್ ನೋಡಿದೆ. ಅದು ಆಮ್ಡಾಲ್ ಕಂಪನಿ ಮೇನ್‌ಫ್ರೇಮ್‌ಗೆ ಕಟ್ಟಿದ್ದು; ಅದರಲ್ಲಿ ಪ್ರೋಗ್ರಾಂಗಳನ್ನು ರೂಲ್ ಎಂಬ ತುಂಡುಗಳಾಗಿ ಬರೆಯುತ್ತಾರೆ. ಮುಂದೆ ಆಬ್ಜೆಕ್ಟ್‌ಸ್ಟಾರ್ ಆಯಿತು, 2005ರಲ್ಲಿ ಟಿಬ್ಕೊ ಕೈಸೇರಿತು. ನಮ್ಮ ಸೀನಿಯರ್‌ಗಳ ಬಾಯಲ್ಲಿ ಮಾತ್ರ ಕೊನೆವರೆಗೂ ಹ್ಯೂರಾನ್ನೇ. ಪ್ರೀಮಿಯಂ ಲೆಕ್ಕದ ರೂಲ್‌ಗಳನ್ನು ಕೋಬಾಲ್‌ನಲ್ಲಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಒಂದೊಂದು ರೂಲೂ ಚಿಕ್ಕದು. ಬೇರೆ ಭಾಷೆಗಳಲ್ಲಿ ಷರತ್ತು ಹಾಕಲು ಬಳಸುವ ಇಫ್ ಎಂಬ ಮಾತೇ ಆ ಭಾಷೆಯಲ್ಲಿಲ್ಲ. ಷರತ್ತುಗಳು ಮೇಲೆ, ಅವುಗಳ ಬಲಕ್ಕೆ ವೈ (ಹೌದು), ಎನ್ (ಇಲ್ಲ) ಕಾಲಂಗಳು. ಕೆಳಗೆ ಮಾಡಬೇಕಾದ ಕೆಲಸಗಳು, ಅವುಗಳ ಬಲಕ್ಕೆ 1, 2, 3 ಅಂತ ಅಂಕಿ. ಯಾವ ಕಾಲಂ ಹೊಂದುತ್ತದೋ ಅದರ ಅಂಕಿಗಳ ಕ್ರಮದಲ್ಲಿ ಕೆಲಸ ನಡೆಯುತ್ತದೆ. ಕೊನೆಯಲ್ಲಿ ಎಕ್ಸೆಪ್ಶನ್ ಹ್ಯಾಂಡ್ಲರ್‌ಗಳು, ಅಂದರೆ ಏನಾದರೂ ತಪ್ಪಿದರೆ ಏನು ಮಾಡಬೇಕು ಎಂಬ ಸಾಲುಗಳು. ಇಷ್ಟು ಸುಲಭ ಅಲ್ವಾ ಎಂದು ಒಂದೊಂದು ರೂಲನ್ನೂ ಕೋಬಾಲ್‌ನಲ್ಲಿ ಒಂದೊಂದು ಪ್ಯಾರಾಗ್ರಾಫ್ (ಹೆಸರಿಟ್ಟ ಕೋಡ್ ತುಂಡು) ಮಾಡುತ್ತಾ ಹೋದೆ.

ಟೆಸ್ಟ್ ಮಾಡಿದಾಗ ಕೆಲವು ಪಾಲಿಸಿಗಳಿಗೆ ಪ್ರೀಮಿಯಂ ಜಾಸ್ತಿ ಬಂತು. ನಾಲ್ಕು ದಿನ ಹುಡುಕಿದೆ. ಒಂದು ರೂಲ್ ಇನ್ನೊಂದನ್ನು ಕರೆಯುತ್ತಾ ಹೋಗುವ ಸರಪಳಿಯಲ್ಲಿ ಕೆಳಗಿನ ರೂಲೊಂದು ರಿಯಾಯಿತಿ ಟೇಬಲ್ ಮೇಲೆ ಗೆಟ್ ಮಾಡುತ್ತಿತ್ತು, ಅಂದರೆ ಒಂದು ಸಾಲು ಓದುತ್ತಿತ್ತು. ಸಾಲು ಸಿಗದಿದ್ದರೆ ಗೆಟ್‌ಫೇಲ್ ಎಂಬ ಎಕ್ಸೆಪ್ಶನ್. ಅದನ್ನು ಹಿಡಿಯಲು ಆ ರೂಲ್‌ನಲ್ಲಿ ಹ್ಯಾಂಡ್ಲರ್ ಇರಲಿಲ್ಲ. ಆಗ ಹ್ಯೂರಾನ್ ಹ್ಯಾಂಡ್ಲರ್ ಹುಡುಕುತ್ತಾ, ಕರೆದ ರೂಲ್‌ಗಳ ಸರಪಳಿ ಹಿಡಿದು ಮೇಲೆ ಹತ್ತುತ್ತದೆ. ಎರಡು ಮೆಟ್ಟಿಲು ಮೇಲಿದ್ದ ಹ್ಯಾಂಡ್ಲರ್ ಅದನ್ನು ಹಿಡಿದು ಮೂಲ ದರ ಕೊಡುತ್ತಿತ್ತು. ನಡುವಿನ ರೂಲ್‌ಗಳಲ್ಲಿ ಉಳಿದ ಕೆಲಸ, ಅಂದರೆ ಹೆಚ್ಚುವರಿ ಮೊತ್ತ ಸೇರಿಸುವುದು, ನಡೆಯುತ್ತಲೇ ಇರಲಿಲ್ಲ. ನನ್ನ ಕೋಬಾಲ್ ರಿಯಾಯಿತಿ ಸೊನ್ನೆ ಎಂದು ಬರೆದುಕೊಂಡು ಮುಂದೆ ಹೋಗಿ ಅದನ್ನೂ ಸೇರಿಸುತ್ತಿತ್ತು.

ಲೋಕಲ್ ವೇರಿಯಬಲ್ (ರೂಲ್ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುವ ಹೆಸರಿನ ಮೌಲ್ಯ) ಕಥೆಯೂ ಇದೇ. ಒಂದು ರೂಲ್‌ನಲ್ಲಿ ಹೆಸರಿಸಿದ ವೇರಿಯಬಲ್ ಅದು ಕರೆಯುವ ರೂಲ್‌ಗಳಿಗೂ, ಅವು ಕರೆಯುವ ರೂಲ್‌ಗಳಿಗೂ ಕಾಣುತ್ತದೆ. ಹಾಗಾಗಿ ಒಂದೇ ರೂಲನ್ನು ಎರಡು ಬೇರೆ ರೂಲ್‌ಗಳು ಕರೆದರೆ ಅದರೊಳಗಿನ ಅದೇ ಹೆಸರು ಎರಡು ಬೇರೆ ವೇರಿಯಬಲ್ ಆಗಬಹುದು. ರೂಲ್‌ನ ಒಳಗೆ ಏನಿದೆ ಎನ್ನುವುದಕ್ಕಿಂತ ಅದನ್ನು ಕರೆದ ರೂಲ್ ಯಾವುದು ಎನ್ನುವುದನ್ನು ಮೊದಲು ಕೇಳಬೇಕು ಎಂದು ಆಗ ಗೊತ್ತಾಯಿತು.

ಅಲ್ಲಿಂದ ದೊಡ್ಡ ಹಾಳೆ ಹಿಡಿದೆ. ಮೇಲಿನಿಂದ ಕಾಲ್ ಟ್ರೀ, ಅಂದರೆ ಯಾವ ರೂಲ್ ಯಾವುದನ್ನು ಕರೆಯುತ್ತದೆ ಎಂಬ ಮರದ ಚಿತ್ರ, ಬರೆದೆ. ಪ್ರತಿ ಕೊಂಬೆಯಲ್ಲಿ ಯಾವ ವೇರಿಯಬಲ್ ಜೀವಂತವಾಗಿದೆ, ಯಾವ ಹ್ಯಾಂಡ್ಲರ್ ಕಾಯುತ್ತಿದೆ ಎಂದು ಗುರುತು ಹಾಕಿದೆ. ರೂಲ್‌ಗಳೂ ಹ್ಯೂರಾನ್‌ನ ಡೇಟಾ ಭಂಡಾರವಾದ ಮೆಟಾಸ್ಟಾರ್‌ನ ಟೇಬಲ್‌ಗಳಲ್ಲೇ ಇರುವುದರಿಂದ, ಒಂದು ರೂಲನ್ನು ಯಾರು ಯಾರು ಕರೆಯುತ್ತಾರೆ ಎಂದು ಹುಡುಕಲು ಇನ್ನೊಂದು ರೂಲ್ ಬರೆದುಕೊಂಡೆ. ಇದು ನನಗೆ ತುಂಬಾ ಇಷ್ಟವಾದ ಗುಣ. ಆದರೆ ಹೆಸರನ್ನು ಬ್ರಾಕೆಟ್‌ನಲ್ಲಿಟ್ಟು ಕರೆಯುವ ರೂಲ್‌ಗಳು ಹಾಗೆ ಸಿಗುವುದಿಲ್ಲ. ಆ ಹೆಸರು ಓಡುವಾಗ ಡೇಟಾದಿಂದ ಬರುತ್ತದೆ. ಪ್ರೊಡಕ್ಷನ್ ಟೇಬಲ್ ತೆರೆದು ಕಣ್ಣಾರೆ ನೋಡಲೇಬೇಕು. ಟೇಬಲ್‌ಗಳಿಗೇ ಕಟ್ಟಿದ, ಟೇಬಲ್ ಮುಟ್ಟಿದಾಗ ತಾವೇ ಓಡುವ ಟ್ರಿಗರ್ ರೂಲ್‌ಗಳನ್ನೂ ಮರೆಯಬಾರದು.

ಕೊನೆಗೆ ಒಂದು ತಿಂಗಳ ಫೈಲನ್ನು ಎರಡೂ ಕಡೆ ಓಡಿಸಿ ಪಾಲಿಸಿಗೊಂದರಂತೆ ಹೋಲಿಸಿದೆವು. ಸೇರದೇ ಹೋಗುತ್ತಿದ್ದ ಆ ಮೊತ್ತದ ಬಗ್ಗೆ ಕ್ಲೈಂಟ್ ಕಡೆಯ ವಿಮಾ ತಜ್ಞೆಗೆ ರೂಲ್‌ಗಳನ್ನೇ ತೋರಿಸಿದೆ. ಅವರಿಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ವೈ, ಎನ್ ಕಾಲಂಗಳ ಮೇಲೆ ಬೆರಳಿಟ್ಟು ತಾವೇ ಓದಿದರು. ಹಳೆಯ ಪಾಲಿಸಿಗಳಿಗೆ ಆ ಮೊತ್ತ ಇಲ್ಲ, ಇರುವ ಲೆಕ್ಕವೇ ಸರಿ ಅಂದರು. ಕೋಬಾಲ್‌ನಲ್ಲೂ ಹಾಗೇ ಬರೆದು, ಯಾಕೆ ಎಂದು ಮೇಲೆ ಐದು ಸಾಲು ಕಾಮೆಂಟ್ ಹಾಕಿದೆ.