ಆಂಪ್ ಕೆಳಗಿಳಿಸಿದ ಮೇಲೆ ಹಾಡು ಕೇಳಿಸಿತು: ನಮ್ಮ ಬ್ಯಾಂಡಿನ ಅನುಭವ

"ಚಲೋ ಬಾರಿಸಿದ್ರಪಾ. ಆದ್ರ ಹಾಡು ಯಾವ ಭಾಷಾದ್ದು?"

ಹುಬ್ಬಳ್ಳಿಯ ಒಂದು ಚರ್ಚ್ ಹಾಲಿನಲ್ಲಿ ಈಸ್ಟರ್ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನನ್ನು ಕೇಳಿದ ಮಾತು ಇದು. 2011 ಇರಬೇಕು. ಒಂದೂವರೆ ಗಂಟೆ ನಾವು ಹಾಡಿದ್ದು ಪೂರ್ತಿ ಕನ್ನಡದಲ್ಲೇ. ಅವತ್ತು ರಾತ್ರಿ ಬೆಂಗಳೂರಿಗೆ ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕ್ರಿಸ್ತನ ಹಾಡನ್ನು ಕನ್ನಡದಲ್ಲಿ ರಾಕ್ ಮಾಡಬೇಕು ಅಂತಲೇ ಬ್ಯಾಂಡ್ ಕಟ್ಟಿದವರು ನಾವು. ಮಾತೇ ತಲುಪದಿದ್ದರೆ ಇಷ್ಟೆಲ್ಲ ಯಾಕೆ?

ತಪ್ಪು ಎಲ್ಲಿತ್ತು ಅಂತ ಈಗ ಗೊತ್ತು. ಪೆಟ್ರಾ, ಸ್ಟ್ರೈಪರ್ ಎಂಬ ಅಮೆರಿಕದ ಕ್ರೈಸ್ತ ರಾಕ್ ಬ್ಯಾಂಡ್‌ಗಳ ಕ್ಯಾಸೆಟ್ ಕೇಳಿ ಬೆಳೆದವರು ನಾವು. 2007ರಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾಲ್ವರೂ ಅಲ್ಲಿದ್ದೆವು. ಆ ಮೈದಾನದ ಸದ್ದನ್ನೇ ತಲೆಯಲ್ಲಿ ಇಟ್ಟುಕೊಂಡು, ಕಲ್ಲುಗೋಡೆ, ಎತ್ತರದ ಚಾವಣಿ ಇರುವ ಹಾಲಿಗೆ ಹೋದೆವು. ಮೈದಾನದಲ್ಲಿ ಸದ್ದು ಹಾರಿ ಹೋಗುತ್ತದೆ. ಇಂಥ ಹಾಲಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಮೂರು ಸೆಕೆಂಡ್ ಅಲ್ಲೇ ಸುತ್ತುತ್ತದೆ. ಡ್ರಮ್ಸ್ ಒಂದು ಕಡೆ, 100 ವಾಟ್‌ನ ಗಿಟಾರ್ ಆಂಪ್ (ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ) ಇನ್ನೊಂದು ಕಡೆ. ಅವೆರಡನ್ನೂ ಮೀರಿಸಲು ಹಾಡುಗಾರನ ಮೈಕ್ ಏರಿಸಬೇಕು. ಏರಿಸಿದರೆ ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೇ ನುಗ್ಗಿ ಕುಯ್ಯೋ ಅಂತ ಫೀಡ್‌ಬ್ಯಾಕ್.

ಮೊದಲು ಮಾಡಿದ ಕೆಲಸ ಇನ್ನೂ ದೊಡ್ಡ ಸೌಂಡ್ ಸಿಸ್ಟಮ್ ಬಾಡಿಗೆಗೆ ತಂದದ್ದು. ಬಾಡಿಗೆ, ಸಾಗಾಟ, ಜನರೇಟರ್ ಸೇರಿ 45 ಸಾವಿರದ ಹತ್ತಿರ. ಕಾಣಿಕೆ ಬಂದದ್ದು ಸುಮಾರು 11 ಸಾವಿರ. ಉಳಿದದ್ದು ನಮ್ಮ ಸಂಬಳದಿಂದ. ಸದ್ದು ಜಾಸ್ತಿ ಆಯಿತು, ಮಾತು ಇನ್ನೂ ಕಲಸಿ ಹೋಯಿತು. ಹಿಂದಿನ ಬೆಂಚಿನ ಹಿರಿಯರು ಮೂರನೇ ಹಾಡಿಗೇ ಎದ್ದು ಹೊರಗೆ ಹೋದರು.

ಆಮೇಲೆ ಡ್ರಮ್ಸ್ ಸುತ್ತ ಅಕ್ರಿಲಿಕ್ ಗೋಡೆ ನಿಲ್ಲಿಸಿದೆವು. ಅದಕ್ಕೆ 18 ಸಾವಿರ. ಎದುರಿಗೆ ಹೋಗುತ್ತಿದ್ದ ಸದ್ದು ಹಿಂದಿನ ಗೋಡೆಗೆ ಬಡಿದು ಮೇಲಿನಿಂದ ಬಂತು. ಒಳಗೆ ಕೂತ ಡ್ರಮ್ಮರ್‌ಗೆ ಕಿವಿ ನೋವು. ನಾಲ್ಕನೇ ಕಾರ್ಯಕ್ರಮಕ್ಕೆ ಸಾಗಿಸುವಾಗ ಒಂದು ಹಾಳೆ ಸೀಳಿತು. ಮತ್ತೆ ಅದನ್ನು ಮುಟ್ಟಲಿಲ್ಲ.

ಕೊನೆಗೆ ಆಂಪ್, ಡ್ರಮ್ಸ್, ನಮ್ಮ ಸದ್ದು ನಮಗೆ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಎಲ್ಲವನ್ನೂ ಸ್ಟೇಜ್‌ನಿಂದ ತೆಗೆದುಬಿಡೋಣ ಅಂತ ನಾನು ಹೇಳಿದೆ. ನಮ್ಮವರೇ ಒಪ್ಪಲಿಲ್ಲ. ಬೇರೆ ಬ್ಯಾಂಡಿನ ಗೆಳೆಯರು, "ಆಂಪ್ ಇಲ್ಲದ ರಾಕ್ ಅಂದ್ರೆ ಉಪ್ಪಿಲ್ಲದ ಸಾರು ಕಣಣ್ಣಾ" ಅಂದರು. ನಮ್ಮ ಡ್ರಮ್ಮರ್ ಎರಡು ತಿಂಗಳು ಪ್ರಾಕ್ಟೀಸ್‌ಗೇ ಬರಲಿಲ್ಲ. ಆದರೂ ಮಾಡಿದೆವು. ಸೆಕೆಂಡ್ ಹ್ಯಾಂಡ್ ಇಲೆಕ್ಟ್ರಾನಿಕ್ ಡ್ರಮ್ಸ್‌ಗೆ 70 ಸಾವಿರ ಕೊಟ್ಟೆವು. ಎಲ್ಲರ ಸದ್ದನ್ನೂ ಕೂಡಿಸಿ ಹದ ಮಾಡುವ, ಟ್ಯಾಬ್ಲೆಟ್‌ನಿಂದ ನಡೆಸುವ ಡಿಜಿಟಲ್ ಮಿಕ್ಸರ್‌ಗೆ 50 ಸಾವಿರದ ಆಸುಪಾಸು. ಗಿಟಾರ್, ಬೇಸ್ ಗಿಟಾರ್ ಎರಡೂ ಕಾಲಲ್ಲಿ ಒತ್ತುವ ಪೆಡಲ್‌ನಿಂದ ನೇರ ಮಿಕ್ಸರ್‌ಗೆ. ಕಿವಿಗೆ ಒಂದೂವರೆ ಸಾವಿರದ ವೈರ್ ಇಯರ್‌ಫೋನ್. ವೈರ್‌ಲೆಸ್‌ಗೆ ದುಡ್ಡು ಸುರಿಯಬೇಡಿ. ಚರ್ಚ್ ಸ್ಟೇಜ್ ಅಷ್ಟು ದೊಡ್ಡದಿರುವುದಿಲ್ಲ, ಅಲ್ವಾ? ನನ್ನ ಪಾಲಿನ ಹಣಕ್ಕೆ ಬೈಕ್ ಮಾರಿದೆ.

ಇಯರ್‌ಫೋನ್ ಮೊದಲ ಸಲ ಹಾಕಿಕೊಂಡಾಗ ಹಾಡುಗಾರನಿಗೆ ಬಾವಿಯೊಳಗೆ ನಿಂತು ಹಾಡಿದಂತೆ ಆಯಿತಂತೆ. ಎದುರಿಗಿರುವ ಜನ ಹಾಡುತ್ತಿದ್ದಾರೋ ಸುಮ್ನೆ ಕೂತಿದ್ದಾರೋ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಸ್ಟೇಜ್ ಅಂಚಿಗೆ ಎರಡು ಮೈಕ್ ಜನರ ಕಡೆ ತಿರುಗಿಸಿ ಇಟ್ಟು, ಅದನ್ನು ನಮ್ಮ ಕಿವಿಗೆ ಮಾತ್ರ ಕೊಟ್ಟೆವು. ಅವನ ಮುಖ ಅರಳಿದ್ದು ಈಗಲೂ ನೆನಪಿದೆ.

ಇನ್ನು ಸ್ಪೀಕರ್. ಎರಡು ದೊಡ್ಡವು ಬಿಟ್ಟು ನಾಲ್ಕು ಸಣ್ಣವು. ಎರಡು ಮುಂದೆ, ಎರಡು ಹಾಲಿನ ನಡುವೆ. ಮುಂದಿನದರಿಂದ ನಡುವಿನದಕ್ಕೆ 18 ಮೀಟರ್ ಇದ್ದರೆ ನಡುವಿನ ಸ್ಪೀಕರ್‌ನ ಸದ್ದನ್ನು ಸುಮಾರು 52 ಮಿಲಿಸೆಕೆಂಡ್ ತಡಮಾಡಿ ಬಿಡಬೇಕು, ಅದೇ ಡಿಲೇ. ಮುಂದಿನ ಸ್ಪೀಕರ್‌ನ ಸದ್ದು ಅಲ್ಲಿಗೆ ಮುಟ್ಟಲು ಅಷ್ಟು ಹೊತ್ತು ಬೇಕು. ಅದರ ಮೇಲೆ ನಾವು ಎಷ್ಟು ಸೇರಿಸುತ್ತೇವೆ ಅನ್ನುವುದು ಮಾತ್ರ ನಮ್ಮಲ್ಲೇ ಇರಲಿ. ಮೂರು ವರ್ಷ ಹಾಲಿನಿಂದ ಹಾಲಿಗೆ ಕಿವಿ ಇಟ್ಟು ಹಿಡಿದದ್ದು ಅದು.

ಸದ್ದು ತಿಳಿಯಾದ ಮೇಲೆ ನಮ್ಮ ಸಾಹಿತ್ಯದ ತಪ್ಪುಗಳೂ ಕಾಣಿಸಿದವು. ಇಂಗ್ಲಿಷ್ ರಾಕ್‌ನಲ್ಲಿ ಒಂದೇ ಉಸಿರಿನ ಗಿಡ್ಡ ಪದ ಕೂಗಬಹುದು. ಕನ್ನಡದ ಪದ ಉದ್ದ. ಅದು ಅ, ಇ, ಉ, ಎ ಥರದ ಸ್ವರಾಕ್ಷರದಲ್ಲಿ ಮುಗಿಯುತ್ತದೆ, ಆ ಸ್ವರ ಹಾಲಿನಲ್ಲಿ ಬಾಲದಂತೆ ಎಳೆದುಕೊಂಡು ಮುಂದಿನ ಪದದ ಮೇಲೆ ಬೀಳುತ್ತದೆ. ಸಾಲಿಗೆ ಪದ ಕಡಿಮೆ ಮಾಡಿದೆವು. "ರಕ್ಷಣೆ" ಅಂದರೆ "ಕ್ಷ" ಡ್ರಮ್ಸ್‌ನ ಜೋಡಿ ತಾಳದಂಥ ಹೈ ಹ್ಯಾಟ್‌ನ ಸದ್ದಿನಲ್ಲಿ ಮುಳುಗುತ್ತಿತ್ತು. ಅಂಥ ಕಡೆ ಈಗ ಹೈ ಹ್ಯಾಟ್ ಬಾರಿಸುವುದೇ ಇಲ್ಲ. "ಕೃಪೆ" ಅಂತ ನಿಲ್ಲಿಸಿದರೆ ಗಂಟಲು ಕಟ್ಟುತ್ತದೆ, "ಕೃಪೆಯೇ" ಅಂದರೆ ಬಾಯಿ ತೆರೆಯುತ್ತದೆ. "ಯೇಸು" ಅಂತೂ ಕೂಗಲೆಂದೇ ಇರುವ ಹೆಸರು. ಮೊದಲ ಅಕ್ಷರವೇ ದೀರ್ಘ.

ನಡುವೆ ಒಂದು ಹುಚ್ಚು ಪ್ರಯೋಗ. ಭಾಮಿನಿ ಷಟ್ಪದಿಯ ನಡೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಮೂರು, ನಾಲ್ಕು ಕೂಡಿಸಿದರೆ ಏಳರ ಬೀಟ್! ಅದಕ್ಕೊಂದು ಭಾರದ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಕಟ್ಟಿ, ಬೈಬಲಿನ ದಾರಿ ತಪ್ಪಿದ ಮಗನ ಕಥೆಯನ್ನು ಷಟ್ಪದಿಯಲ್ಲೇ ಬರೆದೆವು. ಮಿಷನರಿ ಕಿಟೆಲ್ 1875ರಲ್ಲೇ ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಛಂದಸ್ಸಿಗೂ ನಮ್ಮ ಕ್ರೈಸ್ತ ಸಭೆಗಳಿಗೂ ನಂಟು ಹಳೆಯದು. ಕಾಲೇಜು ಹುಡುಗರು ಆ ಹಾಡಿಗೆ ಚಪ್ಪಾಳೆ ಹಾಕಲು ತಡಕಾಡಿದರು. ಹಿರಿಯರು ಎರಡನೇ ಸಾಲಿಗೇ ತೊಡೆ ತಟ್ಟಿ ತಾಳ ಹಿಡಿದರು. ಗಮಕ ಕೇಳಿದ ಕಿವಿಗಳು ಅವು. ಈಗ ಅದೇ ನಮ್ಮ ಕೊನೆಯ ಹಾಡು. ಏಳರಲ್ಲಿ ಬೇಸ್ ಎಲ್ಲಿ ಬಿಡುತ್ತೇವೆ ಅಂತ ತುಂಬ ಜನ ಕೇಳಿದ್ದಾರೆ. ಕಾರ್ಯಕ್ರಮಕ್ಕೇ ಬಂದು ಕೇಳಿಸಿಕೊಳ್ಳಿ.

ಹಾರ್ಮೋನಿಯಂಗೆ ಮೈಕ್ ಇಟ್ಟು, ರಾಕ್ ಗಿಟಾರ್‌ನಂತೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿಯೂ ನೋಡಿದೆವು. ರೆಕಾರ್ಡಿಂಗ್‌ನಲ್ಲಿ ಅದ್ಭುತ. ಲೈವ್‌ನಲ್ಲಿ ಬರೀ ಫೀಡ್‌ಬ್ಯಾಕ್.

ಸ್ಟ್ರೈಪರ್‌ನವರು ಸ್ಟೇಜ್‌ನಿಂದ ಜನರತ್ತ ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಎಸೆಯುತ್ತಿದ್ದರು. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ. ಹಾಗಾಗಿ ಸಾಹಿತ್ಯದ ಹಾಳೆ ಅಚ್ಚು ಹಾಕಿಸಿ ಬಾಗಿಲಲ್ಲಿ ನಿಂತು ಕೈಗೆ ಕೊಡುತ್ತೇವೆ. 300 ಪ್ರತಿಗೆ 600 ರೂಪಾಯಿಯಷ್ಟು. ನಾವು ಮಾಡಿದ ಖರ್ಚಿನಲ್ಲೆಲ್ಲ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಅದು ಗೊತ್ತಾದದ್ದು ಬೆಟಗೇರಿಯಲ್ಲಿ, ಕರೆಂಟ್ ಹೋದಾಗ. ನಮ್ಮ ಹೊಸ ಪದ್ಧತಿಯ ದೊಡ್ಡ ಅಪಾಯ ಅದು. ಹಳೆಯ ಡ್ರಮ್ಸ್ ಆಗಿದ್ದರೆ ಕತ್ತಲಲ್ಲೂ ಬಾರಿಸಬಹುದಿತ್ತು. ಇಲ್ಲಿ ಒಂದೇ ಸಲಕ್ಕೆ ಎಲ್ಲ ಸ್ತಬ್ಧ. ಜನರೇಟರ್ ಬಂದರೂ ಮಿಕ್ಸರ್ ಮತ್ತೆ ಎದ್ದೇಳಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ಜನ ಮೊಬೈಲ್ ಬೆಳಕಿನಲ್ಲಿ ಹಾಳೆ ನೋಡಿಕೊಂಡು, ತಾಳ ಹಾಕಿಕೊಂಡು ಪಲ್ಲವಿ ಹಾಡುತ್ತಲೇ ಇದ್ದರು. ಇಯರ್‌ಫೋನ್ ತೆಗೆದು ನಿಂತೆ. ಪದ ಪದವೂ ಸ್ಪಷ್ಟ. ಡ್ರಮ್ಮರ್ ಅಳುತ್ತಿದ್ದ. ಮಾರನೇ ವಾರವೇ ಮಿಕ್ಸರ್‌ಗೂ ಡ್ರಮ್ಸ್‌ನ ಮೆದುಳಿಗೂ (ಸದ್ದು ಹುಟ್ಟಿಸುವ ಪೆಟ್ಟಿಗೆಗೂ) ಒಂದು ಯುಪಿಎಸ್ ತಂದೆವು. ಆರೇಳು ಸಾವಿರ. ನೀವು ಈ ದಾರಿ ಹಿಡಿದರೆ ಅದನ್ನು ಮೊದಲೇ ತನ್ನಿ.

ಈಗ ಒಂದು ಕಾರ್ಯಕ್ರಮಕ್ಕೆ ಟೆಂಪೋ, ಊಟ ಎಲ್ಲ ಸೇರಿ 12ರಿಂದ 14 ಸಾವಿರದಲ್ಲಿ ಮುಗಿಸುತ್ತೇವೆ. ಕಾಣಿಕೆಯಲ್ಲೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಹೋದ ಡಿಸೆಂಬರ್‌ನಲ್ಲಿ ಒಂಬತ್ತು ಕಡೆ ಹಾಡಿದೆವು. ಉಪ್ಪಿಲ್ಲದ ಸಾರು ಅಂದವರಲ್ಲಿ ಇಬ್ಬರು ನಮ್ಮ ಮಿಕ್ಸರ್ ಸೆಟ್ಟಿಂಗ್ ಫೈಲ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಒಂದು ಕೊರತೆ ಉಳಿದಿದೆ. ಇಲೆಕ್ಟ್ರಾನಿಕ್ ಡ್ರಮ್ಸ್‌ನ ರಬ್ಬರ್ ಸಿಂಬಲ್‌ಗೆ (ತಟ್ಟೆಯಂಥ ತಾಳಕ್ಕೆ) ಜೀವ ಇಲ್ಲ, ಡ್ರಮ್ಮರ್ ಹೇಳುವುದು ನಿಜ. ತೂತು ಕೊರೆದ, ಸದ್ದು ಕಡಿಮೆ ಮಾಡುವ ಲೋಹದ ಸಿಂಬಲ್ ಸಿಗುತ್ತವೆ. ಒಂದು ಸೆಟ್‌ಗೆ 30 ಸಾವಿರ ಮೀರುತ್ತದೆ. ಡಬ್ಬಿಯಲ್ಲಿ ಈಗ 19 ಸಾವಿರ ಇದೆ.