ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹಾರಾಟದ ಸಮಯ ಲೆಕ್ಕ ಹಾಕುವುದು ಹೇಗೆ?

ಚಪ್ಪಟೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ದೂರ ತಪ್ಪುತ್ತದೆ. ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು ಇನ್ನರ್ಧ ಗಂಟೆ ಸೇರಿಸಿ.

ಹೆಚ್ಚಿನವರು ಎಡವುವುದು ಟಿಕೆಟ್ ಓದುವಾಗ. ಅದರಲ್ಲಿರುವುದು ಆಯಾ ಊರಿನ ಸ್ಥಳೀಯ ಸಮಯ. ಉದಾಹರಣೆಗೆ, ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪಿದರೆ ಪ್ರಯಾಣ 3 ಗಂಟೆಯದಲ್ಲ. ಆಗ ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನೂ ಕೂಡಿಸಿ: ಹದಿನಾರೂವರೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ಹನ್ನೆರಡೂವರೆ ಸಾಕು.

ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವಾಗ ಜೆಟ್ ಪ್ರವಾಹ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿ) ಹಿಂದಿನಿಂದ ತಳ್ಳುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಎದುರುಗಾಳಿ, ಹಾಗಾಗಿ ಒಂದು ಗಂಟೆಯಾದರೂ ಹೆಚ್ಚು ಇಟ್ಟುಕೊಳ್ಳಿ.