ನಾಲ್ಕು ಬೆರಳು ಹಸಿ

ನಮ್ಮದು ಚಳ್ಳಕೆರೆ ಕಡೆಯ ಆರು ಎಕರೆ ಮಸಾರಿ ಹೊಲ. ಕೆಂಪು ಮಣ್ಣು, ಜೊತೆಗೆ ಗರಸು, ಅಂದ್ರೆ ಸಣ್ಣ ಕಲ್ಲು. ಅಪ್ಪನ ಕಾಲದಿಂದ ಶೇಂಗಾ ಬಿಟ್ಟು ಬೇರೆ ಬಿತ್ತಿದ್ದು ಕಡಿಮೆ. ಚಳ್ಳಕೆರೆಗೆ ಎಣ್ಣೆ ನಗರಿ ಅನ್ನೋ ಹೆಸರು ಸುಮ್ನೆ ಬಂದಿದ್ದಲ್ಲ ಅಲ್ವಾ?

ಬೇಸಾಯ ನನ್ನ ಕೈಗೆ ಬಂದಾಗ ನಾನು ಮೊದಲು ಮಾಡಿದ್ದು ಬೋರ್‌ವೆಲ್ ಕೊರೆಸುವ ಕೆಲಸ. ಮೊದಲನೆಯದು ಎರಡು ಬೇಸಿಗೆ ನೀರು ಕೊಟ್ಟು ನಿಂತಿತು. ಎರಡನೆಯದನ್ನು 700 ಅಡಿವರೆಗೂ ಇಳಿಸಿದೆವು. ಬರೀ ಕಲ್ಲುಪುಡಿ ಹಾರಿತು. ಆ ಸಾಲ ತೀರಿಸೋಕೆ ಹೆಂಡತಿಯ ಬಳೆ ಅಡವಿಗೆ ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ವರ್ಷ ಉತ್ತರೆ ಮಳೆ ಒಂದು ಸಂಜೆ ಮುಕ್ಕಾಲು ಗಂಟೆ ಸುರಿಯಿತು. ಬಂಡಿ ದಾರಿಯಲ್ಲಿ ಮೊಣಕಾಲುದ್ದ ಕೆಂಪು ನೀರು. ಒಳ್ಳೆ ಹದ ಆಗಿದೆ ಅಂದುಕೊಂಡು ಬೆಳಿಗ್ಗೆ ಹೊಲಕ್ಕೆ ಹೋಗಿ ಗುದ್ದಲಿ ಹಾಕಿದೆ. ನಾಲ್ಕು ಬೆರಳು ಹಸಿ. ಅದರ ಕೆಳಗಿನ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಪುಡಿಪುಡಿಯಾಗಿ ಉದುರಿತು. ಇನ್ನೆರಡು ಕಡೆ ಅಗೆದು ನೋಡಿದೆ. ಅಲ್ಲೂ ಅಷ್ಟೇ.

ಅವತ್ತು ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. 25 ಮಿಲಿಮೀಟರ್ ಮಳೆಯಾದರೆ ಎಕರೆಗೆ ಲಕ್ಷ ಲೀಟರ್, ನನ್ನ ಹೊಲಕ್ಕೆ ಆರು ಲಕ್ಷ. ನಾನು ಪಾತಾಳದಲ್ಲಿ ಹುಡುಕುತ್ತಿದ್ದ ನೀರು ಹೊಲದ ಮೇಲೇ ಹರಿದು ಹಳ್ಳ ಸೇರುತ್ತಿತ್ತು, ಮೇಲ್ಮಣ್ಣನ್ನೂ ಕರಕೊಂಡು.

ಹೊಲದಲ್ಲಿ ಬದು ಇರಲಿಲ್ಲವೇ ಅಂದ್ರೆ, ಇತ್ತು. ಆದರೆ ಅದು ಅಣ್ಣತಮ್ಮಂದಿರು ಪಾಲಾದಾಗ ಗುರುತಿಗೆ ಹಾಕಿದ್ದು. ಇಳಿಜಾರಿನ ಉದ್ದಕ್ಕೂ ನೆಟ್ಟಗೆ ಇಳಿಯುತ್ತಿತ್ತು. ನೀರಿಗೆ ಅದೇ ದಾರಿ ತೋರಿಸುತ್ತಿತ್ತು. ಉಳುಮೆಯೂ ಅದರ ಗುಂಟವೇ.

ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತಲ್ಲ, ಅದನ್ನು ಎರವಲು ತಂದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಮಗಳು. ಎರಡೂ ಕಡೆ ನೀರು ಸಮ ನಿಂತ, ಅಂದ್ರೆ ಒಂದೇ ಮಟ್ಟದ ಜಾಗಕ್ಕೆ ಸುಣ್ಣದ ಪುಡಿ ಹಾಕುತ್ತಾ ಹೋದೆವು. ಸಂಜೆ ಹೊತ್ತಿಗೆ ಹೊಲದ ತುಂಬ ಹಾವು ಹರಿದಂಥ ಗೆರೆಗಳು. ದೊಡ್ಡಪ್ಪ ನೋಡಿ, 'ಏನಪ್ಪಾ ಇದು, ಸಾಲು ಸೊಟ್ಟ ಆಗುತ್ತಲ್ಲ, ಎತ್ತು ಹೆಂಗೆ ತಿರುಗಿಸ್ತೀಯ?' ಅಂದರು. ಅವರ ಮಾತಲ್ಲೂ ನಿಜ ಇತ್ತು. ತಿರುವಿನಲ್ಲಿ ಕೂರಿಗೆ ಹೊಡೆಯೋದು ಮೊದಲ ವರ್ಷ ತುಂಬಾ ಕಷ್ಟವಾಯಿತು. ಆದರೂ ಆ ಗೆರೆ ಮೇಲೇ ಬದು ಹಾಕಿಸಿದೆ, ಅದರ ಗುಂಟ ಅಡ್ಡಡ್ಡ ಉತ್ತೆ.

ತಪ್ಪು ಮಾಡಿದ್ದು ಕೋಡಿ ವಿಷಯದಲ್ಲಿ. ಹೆಚ್ಚಾದ ನೀರು ಹೊರಗೆ ಹೋಗಲಿ ಅಂತ ಬದುವಿನ ತುದಿಯಲ್ಲಿ ಸುಮ್ನೆ ಒಂದಷ್ಟು ಮಣ್ಣು ತಗ್ಗಿಸಿ ಬಿಟ್ಟಿದ್ದೆ. ಆಮೇಲೆ ಬಂತು 2022. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಸಲ, 89 ವರ್ಷಕ್ಕೆ, ಕೋಡಿ ಬಿದ್ದ ವರ್ಷ. ಜನ ಬಸ್ಸು ಮಾಡಿಕೊಂಡು ನೋಡೋಕೆ ಹೋದರು. ನಾನು ಹೋಗಲಿಲ್ಲ. ನನ್ನ ಹೊಲದಲ್ಲಿ ಎರಡು ಬದು ಒಂದೇ ರಾತ್ರಿಗೆ ಒಡೆದಿದ್ದವು. ತಗ್ಗಿಸಿದ್ದ ಜಾಗವನ್ನೇ ನೀರು ಕೊರೆದು, ಆಳುದ್ದ ಕೊರಕಲು ಮಾಡಿತ್ತು.

ಈಗ ಬದುವಿನ ನೆತ್ತಿಗಿಂತ ಒಂದಡಿ ತಗ್ಗಿಗೆ ಕೋಡಿ, ಅದಕ್ಕೆ ಕಲ್ಲಿನ ಹಾಸು, ನೀರು ಬೀಳುವ ಕಡೆಗೂ ಕಲ್ಲು. ಒಂದು ಬದುವಿಗೆ ಎಡಗಡೆ ಕೋಡಿ ಇದ್ದರೆ ಕೆಳಗಿನ ಬದುವಿಗೆ ಬಲಗಡೆ. ಹಾಗಾಗಿ ನೀರು ಹೊಲವನ್ನೆಲ್ಲ ಸುತ್ತಿಯೇ ಹೊರಗೆ ಹೋಗಬೇಕು. ಬದುವಿನ ಮೇಲೆ ಹೊಂಗೆ ಹಾಕಿದ್ದೇನೆ, ಸೊಪ್ಪು ಹೊಲಕ್ಕೇ ಆಗುತ್ತದೆ.

ಮರು ವರ್ಷ ಪೂರ್ತಿ ಉಲ್ಟಾ. 2023ರ ಆಗಸ್ಟ್ ಒಣಗಿಯೇ ಹೋಯಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮಳೆ ಕಡಿಮೆಯಾಯಿತು ಅನ್ನುತ್ತೇವೆ. ನನ್ನ ಕಣ್ಣಿಗೆ ಕಾಣೋದು, ಮಳೆಗೆ ಲೆಕ್ಕವೇ ತಪ್ಪಿಹೋಗಿದೆ. ಗಾಳಿ ಒಂದು ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು ಅಂತ ಒಂದು ತರಬೇತಿಯಲ್ಲಿ ಹೇಳಿದ್ದರು. ಬಂದರೆ ಒಮ್ಮೆಗೇ ಸುರಿಯೋದು ಯಾಕೆ ಅಂತ ಆಗ ಸ್ವಲ್ಪ ತಿಳಿಯಿತು.

ಆ ವರ್ಷ ಎರಡೂವರೆ ಎಕರೆಗೆ ಮಾತ್ರ ಶೇಂಗಾ ಹಾಕಿದ್ದೆ, ಅದರ ಸಾಲುಗಳ ನಡುವೆ ತೊಗರಿ ಅಕ್ಕಡಿ. ಉಳಿದದ್ದರಲ್ಲಿ ನವಣೆ, ಸಾಮೆ, ದನಕ್ಕೆ ಒಂದಷ್ಟು ಜೋಳ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಶೇಂಗಾ ಕಿತ್ತರೆ ಗಿಡಕ್ಕೆ ನಾಲ್ಕೈದು ಕಾಯಿ, ಅದರಲ್ಲೂ ಜೊಳ್ಳು. ಬದು ಹಾಕಿದರೆ ಬರ ಏನೂ ಮಾಡಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೀಳದ ಮಳೆಯನ್ನು ಯಾವ ಬದುವೂ ಹಿಡಿಯಲ್ಲ. ಆದರೆ ನವಣೆ ನಮ್ಮ ಕೈಬಿಡಲಿಲ್ಲ. ಮೂರು ತಿಂಗಳೊಳಗೆ ಕೊಯ್ಲಿಗೆ ಬಂತು. ಮನೆಗೆ, ಬೀಜಕ್ಕೆ ಇಟ್ಟುಕೊಂಡು ಸ್ವಲ್ಪ ಮಾರಿದೆ. ಆಮೇಲೆ ಬಿದ್ದ ಚೂರುಪಾರು ಮಳೆಗೆ ತೊಗರಿಯೂ ಚಿಗುರಿಕೊಂಡಿತು. ನವಣೆ ಅಕ್ಕಿ ಮಾಡಿಸೋಕೆ ಮಾತ್ರ ದೂರದ ಊರಿಗೆ ಹೊರಬೇಕು. ಈ ಕಡೆ ಸಿರಿಧಾನ್ಯ ಬೆಳೀರಿ ಅನ್ನುವವರು ಮೊದಲು ಹೋಬಳಿಗೊಂದು ಮಿಲ್ ಹಾಕಿಸಿಕೊಟ್ಟರೆ ನೂರು ಭಾಷಣಕ್ಕಿಂತ ಜಾಸ್ತಿ ಉಪಕಾರ.

ಮಣ್ಣಿಗೆ ಜೀವ ಬಂದಿದ್ದು ಕುರಿಗಳಿಂದ. ಸುಗ್ಗಿ ಮುಗಿದ ಮೇಲೆ ಕುರಿ ಮಂದೆಯವರನ್ನು ಕರೆದು ವರ್ಷಕ್ಕೆ ಕೆಲವು ರಾತ್ರಿ ಗೊಬ್ಬರಕ್ಕೆ ಅಂತ ಕುರಿಗಳನ್ನು ಹೊಲದಲ್ಲಿ ತರುಬಿಸುತ್ತೇನೆ. ಬೇಸಿಗೆಯಲ್ಲಿ ಕೈಲಾದಷ್ಟು ಟ್ರ್ಯಾಕ್ಟರ್ ಕೆರೆ ಗೋಡು, ಅಂದ್ರೆ ಕೆರೆಯ ಹೂಳು ಮಣ್ಣು, ಹೊಡೆಸುತ್ತೇನೆ. ಗರಸು ಮಣ್ಣಿಗೆ ಗೋಡು ಬಿದ್ದರೆ ಹಸಿ ಬೇಗ ಆರಲ್ಲ.

ದೊಡ್ಡ ಮಳೆಯಾದ ಮರುದಿನ ಗುದ್ದಲಿ ಹಾಕಿ ನೋಡೋದನ್ನು ಬಿಟ್ಟಿಲ್ಲ. ಹೋದ ಸಲ ಮೊಳಕ್ಕೆ ಎರಡು ಬೆರಳು ಕಡಿಮೆ ಹಸಿ ಇತ್ತು. ದೊಡ್ಡಪ್ಪ ಬಗ್ಗಿ ಆ ಗುಂಡಿಗೆ ಕೈ ಹಾಕಿ, ಮಣ್ಣು ಉಂಡೆ ಕಟ್ಟಿ ನೋಡಿದರು. ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಮನೆಗೆ ಬಂದು ಲೆವೆಲ್ ಪೈಪ್ ಕೇಳಿದರು.